ಜೊತೆಗೊಯ್ಯುವ ಆಕ್ಸಿಜನ್ ಸಾಧನವನ್ನು ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

‘ಇನ್ನು ಮೇಲೆ ಹೊರಗೆ ಹೋಗುವಾಗಲೂ ಆಕ್ಸಿಜನ್ ಬೇಕು’ ಎಂದು ವೈದ್ಯರು ಹೇಳಿದ ದಿನವೇ ಮನೆಯವರು ಮೊಬೈಲ್ ಹಿಡಿದು ಯಾವ ಯಂತ್ರ ಒಳ್ಳೆಯದು ಎಂದು ಹುಡುಕಲು ಶುರುಮಾಡುತ್ತಾರೆ. ಹಗುರವಾದದ್ದು, ಚಿಕ್ಕದು, ಸದ್ದಿಲ್ಲದ್ದು ಮೊದಲು ಕಣ್ಣಿಗೆ ಬೀಳುತ್ತದೆ. ಅದನ್ನೇ ತರುತ್ತಾರೆ. ಕುರ್ಚಿಯಲ್ಲಿ ಕೂತಾಗ ಎಲ್ಲವೂ ಸರಿಯಿರುತ್ತದೆ. ಎದ್ದು ನಾಲ್ಕು ಹೆಜ್ಜೆ ನಡೆದರೆ ಮತ್ತೆ ಏದುಸಿರು, ಬೆರಳಿನ ಮೀಟರ್‌ನಲ್ಲಿ ಅಂಕಿ ಇಳಿಮುಖ. ಹೊರಗೆ ಓಡಾಡಲೆಂದು ತಂದ ಯಂತ್ರ ಮನೆಯ ಮೂಲೆ ಸೇರುತ್ತದೆ.

ಆದ್ದರಿಂದ ಈ ಬರಹದ ಅತಿ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ರೋಗಿ ಅದನ್ನು ಹೊತ್ತು ನಡೆಯುವಾಗ ರಕ್ತದ ಆಮ್ಲಜನಕದ ಮಟ್ಟ ಇಳಿಯದೆ ನಿಲ್ಲುತ್ತದೆಯೇ ಎಂದು ನೋಡದೆ ಯಾವ ಸಾಧನಕ್ಕೂ ಹಣ ಕೊಡಬೇಡಿ. ಉಳಿದ ಹಂತಗಳೆಲ್ಲ ಆ ಪರೀಕ್ಷೆಗೆ ಸಿದ್ಧತೆ, ಇಲ್ಲವೇ ಅದರ ಮುಂದುವರಿಕೆ.

ಹಂತ 1: ಆಕ್ಸಿಜನ್ ನಿಜಕ್ಕೂ ಬೇಕೇ, ಎಷ್ಟು ಬೇಕು?

ಉಸಿರಾಟ ಕಷ್ಟವಾಗುವುದು ಬೇರೆ, ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುವುದು ಬೇರೆ. ಎರಡೂ ಒಟ್ಟಿಗೆ ಬರಬಹುದು, ಬರದೆಯೂ ಇರಬಹುದು. ಮಟ್ಟ ಸರಿಯಿದ್ದೂ ಏದುಸಿರು ಬಿಡುವವರಿಗೆ ಸಿಲಿಂಡರ್ ತಂದುಕೊಟ್ಟರೆ ಹೆಚ್ಚಿನ ಪ್ರಯೋಜನವಾಗುವುದಿಲ್ಲ. ಅಂಥವರಿಗೆ ಮುಖದ ಮೇಲೆ ಬೀಸುವ ಸಣ್ಣ ಫ್ಯಾನ್, ಉಸಿರಾಟದ ವ್ಯಾಯಾಮ, ಸರಿಯಾಗಿ ಬಳಸಿದ ಇನ್‌ಹೇಲರ್ ಹೆಚ್ಚು ನೆರವಾಗುತ್ತವೆ. ಇದಕ್ಕೆ ವಿರುದ್ಧವಾಗಿ, ಮಟ್ಟ ಅಪಾಯಕಾರಿಯಾಗಿ ಇಳಿದಿದ್ದರೂ ‘ನನಗೇನೂ ಆಗುತ್ತಿಲ್ಲ’ ಎನ್ನುವವರೂ ಇದ್ದಾರೆ. ಅನಿಸಿಕೆಯನ್ನು ನಂಬಿ ಇದನ್ನು ತೀರ್ಮಾನಿಸಲಾಗದು.

ವೈದ್ಯರು ಸಾಮಾನ್ಯವಾಗಿ ನೋಡುವ ಗಡಿ ಹೀಗಿದೆ: ವಿಶ್ರಾಂತಿಯಲ್ಲಿದ್ದಾಗ ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ 55 ಮಿಲಿಮೀಟರ್ ಪಾದರಸ ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಅಂಕಿ ಶೇ 88 ಅಥವಾ ಅದಕ್ಕಿಂತ ಕಡಿಮೆ. ಹೃದಯದ ಬಲಭಾಗಕ್ಕೆ ಹೊರೆ ಬಿದ್ದಿದ್ದರೆ, ಕಾಲು ಊದಿಕೊಂಡಿದ್ದರೆ ಅಥವಾ ಕೆಂಪು ರಕ್ತಕಣಗಳು ಅತಿಯಾಗಿದ್ದರೆ ಈ ಗಡಿ ಸ್ವಲ್ಪ ಮೇಲಕ್ಕೆ, 59ರವರೆಗೆ ಸರಿಯುತ್ತದೆ. ಈ ಗಡಿಗಳ ಹಿಂದೆ ಗಟ್ಟಿಯಾದ ಆಧಾರವಿದೆ. 1980 ಮತ್ತು 1981ರಲ್ಲಿ ಪ್ರಕಟವಾದ ಎರಡು ಪ್ರಮುಖ ಅಧ್ಯಯನಗಳು, ತೀವ್ರ ಕೊರತೆಯಿರುವ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಗಳು ದಿನಕ್ಕೆ 15 ಗಂಟೆ ಅಥವಾ ಹೆಚ್ಚು ಹೊತ್ತು ಆಕ್ಸಿಜನ್ ಪಡೆದರೆ ಆಯುಸ್ಸು ಹೆಚ್ಚುತ್ತದೆ ಎಂದು ತೋರಿಸಿದವು. 2016ರಲ್ಲಿ ಬಂದ ಮತ್ತೊಂದು ಅಧ್ಯಯನವು ಮಧ್ಯಮ ಮಟ್ಟದ ಕೊರತೆಯಿರುವವರಿಗೆ ಅಂಥ ಲಾಭ ಕಾಣಲಿಲ್ಲ ಎಂದಿತು. ಅಂದರೆ ‘ಇರಲಿ, ಒಳ್ಳೆಯದೇ ತಾನೇ’ ಎಂದು ತಂದಿಡುವ ವಸ್ತು ಇದಲ್ಲ.

ಆಕ್ಸಿಜನ್ ಕೂಡ ಒಂದು ಔಷಧ. ಕಡಿಮೆಯಾದರೂ ತೊಂದರೆ, ಹೆಚ್ಚಾದರೂ ತೊಂದರೆ. ಸಿಒಪಿಡಿ ಇರುವ ಕೆಲವರ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಉಳಿದುಕೊಳ್ಳುತ್ತದೆ. ಅವರಿಗೆ ವೈದ್ಯರು ಶೇ 88ರಿಂದ 92ರ ನಡುವಿನ ಗುರಿ ಇಡುತ್ತಾರೆ. ಅಂಥವರಿಗೆ 98 ಮುಟ್ಟಿಸಬೇಕೆಂದು ಮನೆಯವರು ಹರಿವನ್ನು ಏರಿಸಿದರೆ ಬೆಳಗಿನ ತಲೆನೋವು, ಮಂಪರು, ಗೊಂದಲ ಕಾಣಿಸಿಕೊಳ್ಳಬಹುದು. ಅದು ತುರ್ತು ಪರಿಸ್ಥಿತಿ.

ಹೀಗಾಗಿ ವೈದ್ಯರ ಚೀಟಿಯಲ್ಲಿ ಮೂರು ಸಾಲುಗಳನ್ನು ಕೇಳಿ ಬರೆಸಿಕೊಳ್ಳಿ: ಕೂತಾಗ ನಿಮಿಷಕ್ಕೆ ಎಷ್ಟು ಲೀಟರ್, ನಡೆಯುವಾಗ ಎಷ್ಟು, ಮಲಗಿದಾಗ ಎಷ್ಟು. ಜೊತೆಗೆ ಗುರಿಯ ಅಂಕಿ ಎಷ್ಟರಿಂದ ಎಷ್ಟು ಎಂಬುದೂ ಇರಲಿ. ‘ಆಕ್ಸಿಜನ್ 2 ಲೀಟರ್’ ಎಂದಷ್ಟೇ ಬರೆದ ಚೀಟಿಯಿಂದ ಜೊತೆಗೊಯ್ಯುವ ಸಾಧನವನ್ನು ಆರಿಸಲು ಬರುವುದಿಲ್ಲ.

ಹಂತ 2: ಒಂದು ವಾರದ ದಿನಚರಿ ಬರೆಯಿರಿ

ರೋಗಿ ವಾರದಲ್ಲಿ ಎಷ್ಟು ಸಲ ಹೊರಗೆ ಹೋಗುತ್ತಾರೆ, ಒಂದು ಸಲಕ್ಕೆ ಎಷ್ಟು ಹೊತ್ತು, ಮೆಟ್ಟಿಲಿದೆಯೇ, ಸಾಧನವನ್ನು ಯಾರು ಹೊರುತ್ತಾರೆ, ವಾಹನದಲ್ಲಿ ಚಾರ್ಜ್ ಮಾಡಲು ಬರುತ್ತದೆಯೇ, ಮನೆಯಲ್ಲಿ ವಿದ್ಯುತ್ ಎಷ್ಟು ಹೊತ್ತು ಕೈಕೊಡುತ್ತದೆ ಎಂದು ಗುರುತು ಹಾಕಿಕೊಳ್ಳಿ. ತಿಂಗಳಿಗೆರಡು ಬಾರಿ ಆಸ್ಪತ್ರೆಗೆ ಹೋಗಿಬರುವವರಿಗೂ ದಿನವೂ ಕೆಲಸಕ್ಕೆ ಹೋಗುವವರಿಗೂ ಒಂದೇ ಉತ್ತರವಿಲ್ಲ. ಮೊದಲನೆಯವರಿಗೆ ಒಂದು ಸಣ್ಣ ಸಿಲಿಂಡರ್ ಸಾಕಾಗಬಹುದು. ದುಬಾರಿ ಯಂತ್ರ ಕೊಂಡು ತಿಂಗಳುಗಟ್ಟಲೆ ಸುಮ್ಮನೆ ಇಡುವುದಕ್ಕಿಂತ ಅದೇ ಲೇಸು.

ಇನ್ನೊಂದು ವಿಷಯ: ದಿನವಿಡೀ ಆಕ್ಸಿಜನ್ ಬೇಕಾದವರಿಗೆ ಮನೆಯಲ್ಲಿ ಒಂದೆಡೆ ನಿಲ್ಲುವ ದೊಡ್ಡ ಯಂತ್ರ, ಹೊರಗೆ ಚಿಕ್ಕದು ಎಂಬ ಜೋಡಿ ವ್ಯವಸ್ಥೆಯೇ ಸರಿ. ಚಿಕ್ಕದನ್ನು ಹಗಲು ರಾತ್ರಿ ಓಡಿಸಿದರೆ ಬೇಗ ಸವೆಯುತ್ತದೆ, ಕೆಟ್ಟಾಗ ಬದಲಿಯೂ ಇರುವುದಿಲ್ಲ.

ಹಂತ 3: ಮೂರು ಬಗೆಯ ಸಾಧನಗಳನ್ನು ತಿಳಿದುಕೊಳ್ಳಿ

*ಒತ್ತಡದ ಸಿಲಿಂಡರ್.* ಹಳೆಯದು, ಸರಳ, ವಿದ್ಯುತ್ ಬೇಡ, ಸದ್ದಿಲ್ಲ. ಚೀಟಿಯಲ್ಲಿ ಬರೆದಷ್ಟೇ ಲೀಟರ್ ನಿರಂತರವಾಗಿ ಹರಿಯುತ್ತದೆ. ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕ ಸುಲಭ: ಸಿಲಿಂಡರಿನ ನೀರಿನ ಅಳತೆಯ ಗಾತ್ರವನ್ನು (ಅದರಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೆ ಎಂಬುದನ್ನು) ಮಾಪಕ ತೋರಿಸುವ ಬಾರ್ ಒತ್ತಡದಿಂದ ಗುಣಿಸಿದರೆ ಒಳಗಿರುವ ಆಕ್ಸಿಜನ್ ಲೀಟರಿನಲ್ಲಿ ಸಿಗುತ್ತದೆ. 2 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 150 ಬಾರ್ ಇದ್ದರೆ 300 ಲೀಟರ್. ನಿಮಿಷಕ್ಕೆ 2 ಲೀಟರ್ ಹರಿಸಿದರೆ 150 ನಿಮಿಷ, ಎಂದರೆ ಎರಡೂವರೆ ಗಂಟೆ. ಕೊನೆಯ ಕಾಲು ಭಾಗವನ್ನು ಎಂದೂ ಲೆಕ್ಕಕ್ಕೆ ಸೇರಿಸಬೇಡಿ. ಮುಳ್ಳು ಅಲ್ಲಿಗೆ ಬರುವಷ್ಟರಲ್ಲಿ ಮನೆಯಲ್ಲಿರಬೇಕು. ಉಸಿರು ಎಳೆದುಕೊಳ್ಳುವಾಗ ಮಾತ್ರ ಆಕ್ಸಿಜನ್ ಬಿಡುವ ಮಿತವ್ಯಯದ ರೆಗ್ಯುಲೇಟರ್ ಹಾಕಿದರೆ ಇದೇ ಸಿಲಿಂಡರ್ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು ಹೊತ್ತು ಬರುತ್ತದೆ. ಅಲ್ಯೂಮಿನಿಯಂ ಸಿಲಿಂಡರ್ ಉಕ್ಕಿನದಕ್ಕಿಂತ ಹಗುರ. ಮತ್ತೆ ತುಂಬಿಸುವ ವ್ಯವಸ್ಥೆ ಹತ್ತಿರದಲ್ಲಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

*ದ್ರವ ಆಕ್ಸಿಜನ್.* ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಕ್ಸಿಜನ್ ದ್ರವವಾಗುತ್ತದೆ; ಒಂದು ಲೀಟರ್ ದ್ರವ ಸುಮಾರು 860 ಲೀಟರ್ ಅನಿಲವಾಗಿ ಹಿಗ್ಗುತ್ತದೆ. ಆದ್ದರಿಂದ ಸಣ್ಣ ಪಾತ್ರೆಯಲ್ಲಿ ಬಹಳ ಹೊತ್ತಿಗಾಗುವಷ್ಟು ಹಿಡಿಯುತ್ತದೆ, ಹೆಚ್ಚಿನ ಹರಿವು ಬೇಕಾದವರಿಗೆ ಇದರಷ್ಟು ಅನುಕೂಲ ಬೇರೆಯಿಲ್ಲ. ಆದರೆ ಬಳಸದಿದ್ದರೂ ಆವಿಯಾಗುತ್ತಲೇ ಇರುತ್ತದೆ, ತುಂಬುವಾಗ ಚರ್ಮಕ್ಕೆ ತಾಗಿದರೆ ಸುಟ್ಟಂತಾಗುತ್ತದೆ, ಮನೆಗೆ ತಂದು ತುಂಬಿಸಿಕೊಡುವವರು ಎಲ್ಲೆಡೆ ಇಲ್ಲ.

*ಜೊತೆಗೊಯ್ಯುವ ಕಾನ್ಸಂಟ್ರೇಟರ್.* ಇದು ಆಕ್ಸಿಜನ್ನನ್ನು ತುಂಬಿಕೊಂಡಿರುವುದಿಲ್ಲ, ಬೇಕಾದಾಗ ಅಲ್ಲೇ ತಯಾರಿಸುತ್ತದೆ. ನಮ್ಮ ಸುತ್ತಲಿನ ಗಾಳಿಯಲ್ಲಿ ಶೇ 21ರಷ್ಟು ಆಮ್ಲಜನಕ, ಶೇ 78ರಷ್ಟು ಸಾರಜನಕ. ಗಾಳಿಯನ್ನು ಒತ್ತಿ ಜಿಯೋಲೈಟ್ ಹರಳುಗಳಿರುವ ಕೊಳವೆಗೆ ನುಗ್ಗಿಸಿದಾಗ ಹರಳುಗಳು ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತವೆ, ಶೇ 90ರ ಆಸುಪಾಸಿನ ಆಕ್ಸಿಜನ್ ಹೊರಬರುತ್ತದೆ. ಚಾರ್ಜ್ ಇರುವವರೆಗೆ ಮುಗಿಯುವುದಿಲ್ಲ, ತುಂಬಿಸುವ ರಗಳೆಯಿಲ್ಲ. ಇಂದು ಹೆಚ್ಚಿನವರು ಬಯಸುವುದು ಇದನ್ನೇ. ಹೆಚ್ಚಿನವರು ಮೋಸಹೋಗುವುದೂ ಇದರಲ್ಲೇ, ಆದ್ದರಿಂದ ಮುಂದಿನ ಹಂತವನ್ನು ನಿಧಾನವಾಗಿ ಓದಿ.

ಹಂತ 4: ಗುಂಡಿಯ ಮೇಲಿನ ಅಂಕಿ ಲೀಟರ್ ಅಲ್ಲ

ಕಾನ್ಸಂಟ್ರೇಟರುಗಳು ಎರಡು ರೀತಿಯಲ್ಲಿ ಆಕ್ಸಿಜನ್ ಕೊಡುತ್ತವೆ. ನಿರಂತರ ಹರಿವಿನವು ಉಸಿರಿನ ಗೊಡವೆಯಿಲ್ಲದೆ ಒಂದೇ ಸಮನೆ ಹರಿಸುತ್ತವೆ. ಪಲ್ಸ್ ಮಾದರಿಯವು ನೀವು ಉಸಿರೆಳೆಯುವುದನ್ನು ಗುರುತಿಸಿ ಆ ಕ್ಷಣಕ್ಕೆ ಒಂದು ಸಣ್ಣ ಗುಟುಕು ಬಿಡುತ್ತವೆ. ಎರಡು ಮೂರು ಕಿಲೋ ತೂಕದ, ಹೆಗಲಿಗೆ ತೂಗುಹಾಕುವ ಯಂತ್ರಗಳು ಬಹುತೇಕ ಪಲ್ಸ್ ಮಾದರಿಯವೇ. ನಿರಂತರ ಹರಿವು ಕೊಡಬಲ್ಲವು ನಾಲ್ಕೂವರೆಯಿಂದ ಎಂಟು ಕಿಲೋ ತನಕ ತೂಗುತ್ತವೆ. ಭಾರವಾದವನ್ನು ಗಾಲಿಯ ಮೇಲೆ ಎಳೆಯಬೇಕಾಗುತ್ತದೆ, ಅವುಗಳಿಂದಲೂ ಸಾಮಾನ್ಯವಾಗಿ ನಿಮಿಷಕ್ಕೆ 2–3 ಲೀಟರಿಗಿಂತ ಹೆಚ್ಚು ಸಿಗುವುದಿಲ್ಲ.

ಪಲ್ಸ್ ಯಂತ್ರದಲ್ಲಿ 1, 2, 3 ಎಂದಿರುವುದು ಆ ಕಂಪನಿ ತಾನೇ ಇಟ್ಟುಕೊಂಡ ಮೆಟ್ಟಿಲುಗಳು. ಒಂದು ಕಂಪನಿಯ 3 ಇನ್ನೊಂದು ಕಂಪನಿಯ 2ಕ್ಕೆ ಸಮವಿರಬಹುದು. ‘ವೈದ್ಯರು 3 ಲೀಟರ್ ಎಂದಿದ್ದಾರೆ, ಇದರಲ್ಲಿ 5ರ ತನಕ ಇದೆ’ ಎಂದು ಮಾರುವವರು ಹೇಳಿದರೆ ಅಲ್ಲೇ ತಡೆದು ಎರಡು ಅಂಕಿ ಕೇಳಿ: ಪ್ರತಿ ಉಸಿರಿಗೆ ಎಷ್ಟು ಮಿಲಿಲೀಟರ್ ಕೊಡುತ್ತದೆ, ನಿಮಿಷಕ್ಕೆ ಒಟ್ಟು ಎಷ್ಟು ಆಕ್ಸಿಜನ್ ತಯಾರಿಸಬಲ್ಲದು. ಕೈಪಿಡಿಯ ಕೊನೆಯ ಪುಟಗಳಲ್ಲಿರುವ ತಾಂತ್ರಿಕ ವಿವರಗಳ ಕೋಷ್ಟಕದಲ್ಲಿ ಹುಡುಕಿ. ಪುಟ್ಟ ಯಂತ್ರಗಳು ಅತಿ ಮೇಲಿನ ಮೆಟ್ಟಿಲಿನಲ್ಲೂ ನಿಮಿಷಕ್ಕೆ ಒಂದು ಲೀಟರಿನ ಆಸುಪಾಸು ಮಾತ್ರ ತಯಾರಿಸುತ್ತವೆ.

ಒಂದು ಲೆಕ್ಕ ಮಾಡಿ ನೋಡೋಣ. ನಿಮಿಷಕ್ಕೆ 1,000 ಮಿಲಿಲೀಟರ್ ತಯಾರಿಸುವ ಯಂತ್ರವಿದೆ ಎನ್ನಿ. ರೋಗಿ ಕೂತಿದ್ದು ನಿಮಿಷಕ್ಕೆ 20 ಬಾರಿ ಉಸಿರಾಡಿದರೆ ಪ್ರತಿ ಉಸಿರಿಗೆ 50 ಮಿಲಿಲೀಟರ್ ಸಿಗುತ್ತದೆ. ಎದ್ದು ನಡೆದಾಗ ಉಸಿರು 32ಕ್ಕೆ ಏರಿತು. ಯಂತ್ರ ಅದೇ ಸಾವಿರವನ್ನು ಈಗ 32 ಪಾಲು ಮಾಡಬೇಕು; ಒಂದು ಪಾಲು 31 ಮಿಲಿಲೀಟರಿಗೆ ಇಳಿಯಿತು. ಅಂದರೆ ದೇಹಕ್ಕೆ ಹೆಚ್ಚು ಬೇಕಾದ ಹೊತ್ತಿನಲ್ಲೇ ಪ್ರತಿ ಉಸಿರಿಗೆ ಸಿಗುವುದು ಕಡಿಮೆಯಾಯಿತು. ಕೆಲವು ಯಂತ್ರಗಳು ಗುಟುಕಿನ ಗಾತ್ರವನ್ನು ಉಳಿಸಿಕೊಂಡು ಒಟ್ಟು ಪ್ರಮಾಣವನ್ನು ಏರಿಸುತ್ತವೆ, ಆದರೆ ಅವುಗಳ ತಯಾರಿಕೆಗೂ ಒಂದು ಮಿತಿಯಿದೆ. ನೀವು ನೋಡುತ್ತಿರುವ ಯಂತ್ರ ಯಾವ ಬಗೆಯದು ಎಂದು ಕೇಳಿ. ಉತ್ತರ ಬಾರದಿದ್ದರೆ ಬೇರೆ ಮಾರಾಟಗಾರರನ್ನು ಹುಡುಕಿ.

ನಿದ್ರೆಯ ವಿಷಯವೂ ಇಲ್ಲೇ ಬರುತ್ತದೆ. ಮಲಗಿದಾಗ ಉಸಿರು ಮೇಲುಮೇಲಿನದಾಗುತ್ತದೆ, ಬಾಯಿ ತೆರೆದುಕೊಳ್ಳುತ್ತದೆ; ಪಲ್ಸ್ ಯಂತ್ರ ಆ ನವಿರಾದ ಎಳೆತವನ್ನು ಗುರುತಿಸದೆ ಹೋಗಬಹುದು. ವೈದ್ಯರು ರಾತ್ರಿಯ ಮಟ್ಟವನ್ನು ಅದೇ ಯಂತ್ರದೊಂದಿಗೆ ಅಳೆದು ಒಪ್ಪಿದ್ದರೆ ಮಾತ್ರ ನಿದ್ರೆಗೆ ಬಳಸಿ. ಪಲ್ಸ್ ಯಂತ್ರಕ್ಕೆ ಮುಖದ ಮಾಸ್ಕ್ ಹೊಂದುವುದಿಲ್ಲ, ಆಕ್ಸಿಜನ್ನನ್ನು ತೇವಗೊಳಿಸುವ ನೀರಿನ ಬಾಟಲಿ ಜೋಡಿಸುವಂತಿಲ್ಲ, ಮೂಗಿಗೆ ಹಾಕುವ ನಳಿಕೆ ಸುಮಾರು 2 ಮೀಟರಿಗಿಂತ ಉದ್ದವಾದರೆ ಉಸಿರು ಗುರುತಿಸುವುದು ತಡವಾಗುತ್ತದೆ.

ಹಂತ 5: ನಡೆಸಿ ನೋಡಿ

ಆಸ್ಪತ್ರೆಯಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆ ಇರುತ್ತದೆ. ನೀವು ಕೊಳ್ಳಬೇಕೆಂದಿರುವ ಯಂತ್ರವನ್ನೇ ತೊಡಿಸಿ ಅದನ್ನು ಮಾಡಿಸಿ ಎಂದು ಶ್ವಾಸಕೋಶ ತಜ್ಞರನ್ನು ಕೇಳಿ. ಬೇರೆ ಯಂತ್ರದಲ್ಲಿ, ಇಲ್ಲವೇ ಆಸ್ಪತ್ರೆಯ ಸಿಲಿಂಡರಿನಲ್ಲಿ ಬಂದ ಫಲಿತಾಂಶ ಇದಕ್ಕೆ ಅನ್ವಯವಾಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ಬಿಡಬಾರದ ಹೆಜ್ಜೆ ಇದು. ಹಾಗಾಗಿ ಕೊಳ್ಳುವ ಮೊದಲು ಕೆಲವು ದಿನ ಬಾಡಿಗೆಗೆ ಅಥವಾ ಪರೀಕ್ಷೆಗೆ ಕೊಡುವವರನ್ನೇ ಆರಿಸಿಕೊಳ್ಳಿ.

ಮನೆಯಲ್ಲಿ ಗಮನಿಸುವ ಕ್ರಮ ಹೀಗಿರಲಿ. ರೋಗಿ ಹತ್ತು ನಿಮಿಷ ಕೂತಿರಲಿ, ಅಂಕಿ ಬರೆದುಕೊಳ್ಳಿ. ವೈದ್ಯರು ಹೇಳಿದ ಮೆಟ್ಟಿಲಿಗೆ ಯಂತ್ರ ಹೊಂದಿಸಿ. ಚೀಲವನ್ನು ದಿನನಿತ್ಯ ಯಾರು ಹೊರುತ್ತಾರೋ ಅವರೇ ಹೊರಲಿ. ರೋಗಿಯೇ ಹೊರುವುದಾದರೆ ಪರೀಕ್ಷೆಯಲ್ಲೂ ಅವರ ಹೆಗಲ ಮೇಲೆಯೇ ಇರಬೇಕು, ಏಕೆಂದರೆ ಆ ಎರಡೂವರೆ ಕಿಲೋ ಕೂಡ ಉಸಿರನ್ನು ತಿನ್ನುತ್ತದೆ. ಆಕ್ಸಿಮೀಟರ್ ಬೆರಳಿನಲ್ಲೇ ಇರಲಿ, ಕೈ ಬೀಸದೆ ಎದೆಗೆ ಒತ್ತಿ ಹಿಡಿದುಕೊಳ್ಳಲಿ. ಸಹಜ ನಡಿಗೆಯಲ್ಲಿ, ಮಾತಾಡದೆ, ಅವರ ಪಕ್ಕದಲ್ಲೇ ನೀವೂ ನಡೆಯಿರಿ. ನಿಂತ ಕೂಡಲೇ ಮೀಟರನ್ನು ತೆಗೆದುಬಿಡಬೇಡಿ: ಬೆರಳಿನಲ್ಲಿ ಕಾಣುವ ಅಂಕಿ ಶ್ವಾಸಕೋಶದಲ್ಲಿ ಆಗಿದ್ದಕ್ಕಿಂತ ತುಸು ಹಿಂದಿರುತ್ತದೆ, ಅತಿ ಕೆಳಗಿನ ಅಂಕಿ ನಿಂತ ಮೇಲೆಯೇ ಕಾಣಿಸಬಹುದು. ಎಷ್ಟಕ್ಕೆ ಇಳಿಯಿತು, ಮೊದಲಿನ ಮಟ್ಟಕ್ಕೆ ಮರಳಲು ಎಷ್ಟು ಹೊತ್ತು ಹಿಡಿಯಿತು ಎರಡನ್ನೂ ಬರೆಯಿರಿ. ವೈದ್ಯರು ಕೊಟ್ಟ ಕೆಳಗಿನ ಗಡಿ ದಾಟಿದರೆ, ಎದೆನೋವು ಅಥವಾ ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ. ಮೆಟ್ಟಿಲು ಹತ್ತಿಸುವ ಪರೀಕ್ಷೆ ವೈದ್ಯರ ಮುಂದೆಯೇ ಆಗಲಿ.

ಆಕ್ಸಿಮೀಟರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ತಣ್ಣಗಿನ ಬೆರಳು, ಉಗುರುಬಣ್ಣ, ಅಲುಗಾಟ ಅಂಕಿಯನ್ನು ಕೆಡಿಸುತ್ತವೆ. ಕಪ್ಪು ಮೈಬಣ್ಣದವರಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆಯಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಎಚ್ಚರಿಸಿತ್ತು. ಅಂಕಿಗೂ ರೋಗಿಯ ಸ್ಥಿತಿಗೂ ತಾಳೆಯಾಗದಿದ್ದರೆ ಅಪಧಮನಿಯ ರಕ್ತಪರೀಕ್ಷೆಯೇ ಪ್ರಮಾಣ.

ಹಂತ 6: ಬ್ಯಾಟರಿ, ತೂಕ, ಸದ್ದು

ಜಾಹೀರಾತಿನ ‘ಐದು ಗಂಟೆ’ ಸಾಮಾನ್ಯವಾಗಿ ಅತಿ ಕೆಳಗಿನ ಮೆಟ್ಟಿಲಿನ, ಹೊಸ ಬ್ಯಾಟರಿಯ ಲೆಕ್ಕ. ನಿಮ್ಮ ಮೆಟ್ಟಿಲಿನಲ್ಲಿ ಎಷ್ಟು ಎಂದು ಕೇಳಿ, ಬಾಡಿಗೆಗೆ ತಂದಾಗ ಗಡಿಯಾರ ಇಟ್ಟು ಅಳೆಯಿರಿ. ಬ್ಯಾಟರಿ ವರ್ಷಗಳಲ್ಲಿ ಸೊರಗುತ್ತದೆ; ಆದ್ದರಿಂದ ಅಗತ್ಯಕ್ಕಿಂತ ಸಾಕಷ್ಟು ಹೆಚ್ಚು ಹೊತ್ತು ಬರುವಂತೆ ಒಂದು ಹೆಚ್ಚುವರಿ ಬ್ಯಾಟರಿ ಇರಲೇಬೇಕು. ಬ್ಯಾಟರಿಯನ್ನು ಹೊರಗಿನಿಂದಲೇ ಬದಲಿಸಲು ಬರಬೇಕು, ಅದನ್ನು ರೋಗಿಯ ಬೆರಳುಗಳು ಒಂಟಿಯಾಗಿ ಮಾಡಬಲ್ಲವೇ ಎಂದೂ ನೋಡಿ. ಯಂತ್ರದ ತೂಕ ಹೇಳುವಾಗ ಕೆಲವೊಮ್ಮೆ ಬ್ಯಾಟರಿಯನ್ನು ಬಿಟ್ಟಿರುತ್ತಾರೆ.

ಪಲ್ಸ್ ಯಂತ್ರದ ಟಕ್ ಟಕ್ ಸದ್ದು ಮೆತ್ತಗಿದ್ದರೂ ಕೆಲವರಿಗೆ ಸಭೆಯಲ್ಲಿ, ಪ್ರಾರ್ಥನೆಯಲ್ಲಿ ಮುಜುಗರ ತರುತ್ತದೆ. ಮುಜುಗರದಿಂದ ಆಫ್ ಮಾಡುವವರಿದ್ದಾರೆ, ಹಾಗಾಗಿ ಇದೂ ಚಿಕಿತ್ಸೆಯ ಪ್ರಶ್ನೆಯೇ. ಉಸಿರು ಗುರುತಾಗದಿದ್ದಾಗ, ಆಕ್ಸಿಜನ್ ಸಾಂದ್ರತೆ ಇಳಿದಾಗ, ಬ್ಯಾಟರಿ ತೀರುವಾಗ ಕೂಗುವ ಮೂರು ಎಚ್ಚರಿಕೆ ಗಂಟೆಗಳು ಕಡ್ಡಾಯ. ಕಿವಿ ಮಂದವಾಗಿರುವವರಿಗೆ ದೀಪ ಅಥವಾ ಕಂಪನ ಇರುವುದನ್ನು ಆರಿಸಿ.

ಹಂತ 7: ಕೊಳ್ಳುವಾಗ

ಅಂತರ್ಜಾಲದಲ್ಲಿ ‘1ರಿಂದ 7 ಲೀಟರ್’ ಎಂದು ಅಗ್ಗದಲ್ಲಿ ಮಾರುವ ಯಂತ್ರಗಳ ವಿವರವನ್ನು ಸಣ್ಣ ಅಕ್ಷರಗಳ ಸಮೇತ ಓದಿ. ಅಂಥ ಹಲವು ಯಂತ್ರಗಳಲ್ಲಿ 1 ಲೀಟರ್ ಹರಿವಿಗೆ ಶೇ 90ರಷ್ಟಿರುವ ಆಕ್ಸಿಜನ್, 7 ಲೀಟರಿಗೆ ಏರಿಸಿದಾಗ ಶೇ 30ರ ಸಮೀಪಕ್ಕೆ ಇಳಿದುಬಿಡುತ್ತದೆ. ಅದು ಕೋಣೆಯ ಗಾಳಿಗಿಂತ ಸ್ವಲ್ಪ ಮೇಲು, ಅಷ್ಟೇ. ನೀವು ಬಳಸುವ ಹರಿವಿನಲ್ಲಿ ಸಾಂದ್ರತೆ ಎಷ್ಟು ಎಂಬುದನ್ನು ಬರಹದಲ್ಲಿ ಕೇಳಿ. ಸ್ಪ್ರೇ ಡಬ್ಬಿಯಂಥ ಆಕ್ಸಿಜನ್ ಕ್ಯಾನ್‌ಗಳು ಕೆಲವೇ ನಿಮಿಷಗಳಿಗೆ ಖಾಲಿ, ಅವು ಚಿಕಿತ್ಸೆಯಲ್ಲ.

ಬಳಸಿದ ಯಂತ್ರವಾದರೆ ಒಟ್ಟು ಎಷ್ಟು ಗಂಟೆ ಓಡಿದೆ ಎಂಬ ಮೀಟರ್ ನೋಡಿ. ಹದಿನೈದು ನಿಮಿಷ ಓಡಿಸಿ, ಅತಿ ಮೇಲಿನ ಮೆಟ್ಟಿಲಿನಲ್ಲಿ ಆಕ್ಸಿಜನ್ ಅನಲೈಸರ್‌ನಿಂದ ಸಾಂದ್ರತೆ ಅಳೆಸಿ. ಒಳಗಿನ ಜಿಯೋಲೈಟ್ ಕೊಳವೆಗಳು ತೇವಕ್ಕೆ ಸೋತುಹೋಗುತ್ತವೆ, ಕಾಲಕಾಲಕ್ಕೆ ಬದಲಿಸಬೇಕಾಗುತ್ತದೆ. ದುರಸ್ತಿಗೆ ಒಯ್ದರೆ ಆ ದಿನಗಳಿಗೆ ಬದಲಿ ಯಂತ್ರ ಕೊಡುತ್ತಾರೆಯೇ ಎಂಬುದು ವಾರಂಟಿ ಎಷ್ಟು ವರ್ಷ ಎನ್ನುವುದಕ್ಕಿಂತ ಮುಖ್ಯ.

ಹಂತ 8: ಬೆಂಕಿ

ಆಕ್ಸಿಜನ್ ತಾನು ಉರಿಯುವುದಿಲ್ಲ, ಉರಿಯುವುದನ್ನು ಭೀಕರವಾಗಿ ಉರಿಸುತ್ತದೆ. ಅದು ಬಟ್ಟೆ, ಕೂದಲು, ಹಾಸಿಗೆಯಲ್ಲಿ ಸೇರಿಕೊಂಡು ಯಂತ್ರ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಮೂಗಿನಲ್ಲಿ ನಳಿಕೆಯಿಟ್ಟುಕೊಂಡು ಬೀಡಿ, ಸಿಗರೇಟ್ ಸೇದಿದವರ ಮುಖ ಸುಟ್ಟುಹೋಗುವುದು ಆಸ್ಪತ್ರೆಗಳಿಗೆ ಗೊತ್ತಿರುವ ಸಂಗತಿ. ಮನೆಯಲ್ಲಿ ಯಾರೂ ಸೇದಬಾರದು. ಒಲೆ, ದೀಪ, ಮೇಣದಬತ್ತಿಯಿಂದ ಕನಿಷ್ಠ 3 ಮೀಟರ್ ದೂರವಿರಿ. ಮೂಗು ಒಣಗಿದರೆ ಪೆಟ್ರೋಲಿಯಂ ಜೆಲ್ಲಿ, ಎಣ್ಣೆ ಹಚ್ಚಬೇಡಿ, ನೀರು ಆಧಾರಿತ ಜೆಲ್ ಬಳಸಿ. ಸಿಲಿಂಡರಿನ ರೆಗ್ಯುಲೇಟರಿಗೆ ಎಣ್ಣೆ ಸೋಕಿದ ಕೈಯೂ ತಾಗಬಾರದು. ವಾಹನದಲ್ಲಿ ಸಿಲಿಂಡರ್ ಉರುಳದಂತೆ ಕಟ್ಟಿ, ಕಿಟಕಿ ಸ್ವಲ್ಪ ತೆರೆದಿರಲಿ. ಬಿಸಿಲಲ್ಲಿ ನಿಂತ ವಾಹನದಲ್ಲಿ ಬಿಟ್ಟು ಹೋಗಬೇಡಿ.

ಹಂತ 9: ವಿಮಾನ ಮತ್ತು ಎತ್ತರದ ಪ್ರದೇಶ

ಹಾರುವ ವಿಮಾನದೊಳಗಿನ ಗಾಳಿ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗಬಹುದು. ಅದು ಸಮುದ್ರಮಟ್ಟದಲ್ಲಿ ಶೇ 15ರಷ್ಟು ಆಮ್ಲಜನಕ ಉಸಿರಾಡಿದಂತೆ. ನೆಲದ ಮೇಲೆ ಆಕ್ಸಿಜನ್ ಬೇಡದವರಿಗೂ ಅಲ್ಲಿ ಬೇಕಾಗಬಹುದು, ಬಳಸುವವರಿಗೆ ಹೆಚ್ಚಿಸಬೇಕಾಗಬಹುದು. ವಾರಗಳ ಮೊದಲೇ ವೈದ್ಯರ ಬಳಿ ಹೋಗಿ. ಸ್ವಂತ ಸಿಲಿಂಡರನ್ನಾಗಲಿ ದ್ರವ ಆಕ್ಸಿಜನ್ನನ್ನಾಗಲಿ ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅನುಮೋದಿತ ಕಾನ್ಸಂಟ್ರೇಟರುಗಳನ್ನು ಒಪ್ಪುತ್ತವೆ. ಪ್ರಯಾಣದ ಅವಧಿಯ ಒಂದೂವರೆ ಪಟ್ಟು ಬ್ಯಾಟರಿ ಇರಬೇಕೆಂದು ಹಲವು ಸಂಸ್ಥೆಗಳು ಕೇಳುತ್ತವೆ: ಆರು ಗಂಟೆಯ ಪ್ರಯಾಣಕ್ಕೆ ಒಂಬತ್ತು ಗಂಟೆ. ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. ಬೆಟ್ಟಪ್ರದೇಶಕ್ಕೆ ಹೋಗುವುದಾದರೆ ಯಂತ್ರ ಎಷ್ಟು ಎತ್ತರದವರೆಗೆ ಕೆಲಸ ಮಾಡುತ್ತದೆ ಎಂದು ಕೈಪಿಡಿಯಲ್ಲಿ ನೋಡಿ. ಹಲವಕ್ಕೆ 3,000 ಮೀಟರ್ ಮಿತಿ.

ಹಂತ 10: ಮನೆಗೆ ತಂದ ಮೇಲೆ

ಕಿವಿಯ ಹಿಂದೆ ನಳಿಕೆ ಉಜ್ಜಿ ಗಾಯವಾಗುವುದು ಸಣ್ಣ ವಿಷಯವೆನಿಸುತ್ತದೆ, ಆದರೆ ಅದೇ ಕಾರಣಕ್ಕೆ ಆಕ್ಸಿಜನ್ ತೆಗೆದಿಡುವವರನ್ನು ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ಮೆತ್ತನೆಯ ಕವಚ ಹಾಕಿ. ನಳಿಕೆಯನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬದಲಿಸಿ, ಶೀತ ಜ್ವರ ಬಂದು ಹೋದ ಮೇಲೆ ಕೂಡಲೇ ಬದಲಿಸಿ. ಗಾಳಿ ಒಳಬರುವ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ಯಂತ್ರದ ಬದಿಯ ಕಿಂಡಿಗಳು ಕೋಟು, ಶಾಲಿನಿಂದ ಮುಚ್ಚದಿರಲಿ. ವಿದ್ಯುತ್ ಹೋದರೆ, ಯಂತ್ರ ಕೆಟ್ಟರೆ ಎಂದು ಒಂದು ಸಿಲಿಂಡರನ್ನು ರೆಗ್ಯುಲೇಟರ್ ಸಮೇತ ಇಟ್ಟುಕೊಂಡು, ಅದನ್ನು ತೆರೆಯುವುದು ಹೇಗೆಂದು ಮನೆಯ ಪ್ರತಿಯೊಬ್ಬರಿಗೂ ಕಲಿಸಿ.

ತುಟಿ, ಉಗುರು ನೀಲಿಗಟ್ಟಿದರೆ, ಮಾತು ತೊದಲಿದರೆ, ಎಂದಿಲ್ಲದ ಮಂಪರು ಕವಿದರೆ ಗುಂಡಿ ತಿರುಗಿಸುತ್ತ ಕೂರದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಆಕ್ಸಿಜನ್ ಬರೆಸಿಕೊಂಡವರಲ್ಲಿ ಹಲವರು ಸೋಂಕು ಇಳಿದ ಮೇಲೆ ಚೇತರಿಸಿಕೊಳ್ಳುತ್ತಾರೆ, ಅವರಿಗೆ ಅದು ಬೇಕಿಲ್ಲದೆಯೂ ಹೋಗಬಹುದು. ಆದ್ದರಿಂದ ಅಂಥವರು ಮೊದಲ ಮೂರು ತಿಂಗಳು ಬಾಡಿಗೆ ಯಂತ್ರದಲ್ಲೇ ಇರುವುದು ಜಾಣತನ. 90 ದಿನಗಳೊಳಗೆ ಮತ್ತೆ ತಪಾಸಣೆ ಮಾಡಿಸಿ, ಹೋಗುವಾಗ ನಡಿಗೆಯ ಅಂಕಿಗಳನ್ನು ಬರೆದಿಟ್ಟ ಪುಸ್ತಕವನ್ನೂ ಯಂತ್ರವನ್ನೂ ಜೊತೆಗೆ ಒಯ್ಯಿರಿ. ಪ್ರಮಾಣ ಏರಿಸಬೇಕೇ, ಇಳಿಸಬೇಕೇ, ನಿಲ್ಲಿಸಬಹುದೇ ಎಂಬುದನ್ನು ವೈದ್ಯರು ಅದನ್ನು ನೋಡಿ ನಿರ್ಧರಿಸುತ್ತಾರೆ. ಕೊಳ್ಳುವ ತೀರ್ಮಾನವನ್ನು ಅದರ ನಂತರ ಮಾಡಿದರಾಯಿತು.